ಅಮೆರಿಕದ ವ್ಯಾನು, ತುಮಕೂರಿನ ಕೆಮ್ಮು

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಷಯ ಪತ್ತೆಗೆಂದು ಎಕ್ಸ್‌ರೇ ಯಂತ್ರ ಹೊತ್ತ ವ್ಯಾನುಗಳು ಅಮೆರಿಕದ ಊರೂರು ಸುತ್ತುತ್ತಿದ್ದವು. ಕಾಸು ಕೊಡಬೇಕಿಲ್ಲ, ದೂರ ಹೋಗಬೇಕಿಲ್ಲ. ಆದರೂ ಎಣಿಸಿದಷ್ಟು ಜನ ಬರಲಿಲ್ಲ. ಏಕೆಂದು ತಿಳಿಯಲು ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ ತನ್ನಲ್ಲಿದ್ದ ಮನೋವಿಜ್ಞಾನಿಗಳ ಮೊರೆಹೋಯಿತು.

ಅವರಲ್ಲೊಬ್ಬರಾದ ಗಾಡ್‌ಫ್ರಿ ಹಾಕ್‌ಬಾಮ್ 1952ರಲ್ಲಿ ಬಾಸ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್ ನಗರಗಳ 1,200ಕ್ಕೂ ಹೆಚ್ಚು ವಯಸ್ಕರ ಅಧ್ಯಯನ ಕೈಗೊಂಡರು. ‘ಕ್ಷಯ ನನಗೂ ಬರಬಹುದು’, ‘ಬೇಗ ಪತ್ತೆಯಾದರೆ ಒಳ್ಳೆಯದು’ ಎಂಬ ಎರಡನ್ನೂ ನಂಬಿದವರಲ್ಲಿ ಶೇ 82ರಷ್ಟು ಮಂದಿ ತಾವಾಗಿಯೇ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ ಆ ಪ್ರಮಾಣ ಶೇ 21 ಮಾತ್ರ.

ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮತ್ತು ಸಂಗಡಿಗರು ಕಟ್ಟಿದ ‘ಹೆಲ್ತ್ ಬಿಲೀಫ್ ಮಾಡೆಲ್’ (ಆರೋಗ್ಯ ನಂಬಿಕೆಯ ಮಾದರಿ) ಹುಟ್ಟಿದ್ದು ಹೀಗೆ. ಅದು ಕೇಳುವ ಪ್ರಶ್ನೆಗಳು ನಾಲ್ಕು. ಕಾಯಿಲೆ ನನಗೆ ಬಂದೀತೇ? ಬಂದರೆ ಎಷ್ಟು ಕೆಡುಕು? ಪರೀಕ್ಷೆಯಿಂದ ಏನು ಲಾಭ? ಅದಕ್ಕೆ ಅಡ್ಡಿಯೇನು? ಜನ ಈ ಪೈಕಿ ಯಾವ ಪ್ರಶ್ನೆಯಲ್ಲಿ ತಡೆದು ನಿಂತಿದ್ದಾರೆ ಎಂಬುದರ ಮೇಲೆ ಕಾರ್ಯಕ್ರಮ ರೂಪುಗೊಳ್ಳಬೇಕು. ಅಪಾಯದ ಅರಿವಿಲ್ಲದವನಿಗೆ ತಿಳಿವಳಿಕೆ ಬೇಕು. ದಿನದ ಕೂಲಿ ತಪ್ಪೀತೆಂದು ಹಿಂಜರಿಯುವವನಿಗೆ ಬೇಕಾದದ್ದು ಸಂಜೆಯೂ ತೆರೆದಿರುವ ಆಸ್ಪತ್ರೆ. ಅವನೆದುರು ಎಷ್ಟು ಪೋಸ್ಟರ್ ಅಂಟಿಸಿದರೂ ದಂಡ.

ಎಕ್ಸ್‌ರೇ ಒಮ್ಮೆ ತೆಗೆಸಿದರೆ ಮುಗಿಯಿತು. ಸಿಗರೇಟು ಬಿಡುವುದು ದಿನದಿನದ ಹೋರಾಟ. ಅಲ್ಲಿ ‘ಇದು ನನ್ನಿಂದಾದೀತು’ ಎಂಬ ನಂಬಿಕೆಯೂ ಬೇಕು. ಆಲ್ಬರ್ಟ್ ಬಂಡೂರ 1977ರಲ್ಲಿ ಮುಂದಿಟ್ಟ ಈ ಆತ್ಮವಿಶ್ವಾಸದ ಅಂಶವನ್ನು ರೋಸೆನ್‌ಸ್ಟಾಕ್ ಮತ್ತಿತರರು 1988ರಲ್ಲಿ ತಮ್ಮ ಮಾದರಿಗೂ ಸೇರಿಸಿಕೊಂಡರು.

ಇದಕ್ಕೆ ಬಹಳ ಮೊದಲೇ, ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳು ಇನ್ನೊಂದು ಪಾಠ ಹೇಳಿದ್ದವು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಲ್ಲಿನ ಕ್ಷಯರೋಗಿಗಳ ಅಧ್ಯಯನ ನಡೆಸಿ, ಅದನ್ನು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದರು. ಹಳ್ಳಿಗರಿಗೆ ಕಾಯಿಲೆಯ ಪರಿವೆಯಿಲ್ಲ, ಮನೆಮನೆಗೆ ಹೋಗಿ ಹುಡುಕದೆ ಗತಿಯಿಲ್ಲ ಎಂಬ ಎಣಿಕೆ ತಲೆಕೆಳಗಾಯಿತು. ಬಹುಪಾಲು ರೋಗಿಗಳಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅನೇಕರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ.

1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ, ಅಧ್ಯಯನ ಅಚ್ಚಾಗುವ ಮೊದಲೇ, ಈ ತಿಳಿವು ಬುನಾದಿಯಾಯಿತು. ತಾವಾಗಿ ಬಂದ ಕೆಮ್ಮಿನವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಪರೀಕ್ಷಿಸುವುದು ಅದರ ಕ್ರಮವಾಗಿತ್ತು. ಇಲ್ಲಿ ಬದಲಾಗಬೇಕಿದ್ದ ನಡವಳಿಕೆ ರೋಗಿಯದಲ್ಲ, ಮೇಜಿನ ಆಚೆ ಕೂತವರದು. ‘ಇದು ಕ್ಷಯವಿದ್ದೀತೇ? ಪರೀಕ್ಷಿಸಲು ಅಡ್ಡಿಯೇನು?’ ಎಂದು ವೈದ್ಯರೂ ಕೇಳಿಕೊಳ್ಳಬೇಕಿತ್ತು. ಜನರ ನಂಬಿಕೆ ತಿದ್ದಲು ಹೊರಡುವ ಯೋಜನೆ ಮೊದಲು ತನ್ನ ಸಿಬ್ಬಂದಿಯ ನಂಬಿಕೆಗಳನ್ನೂ ಇದೇ ಪ್ರಶ್ನೆಗಳಿಂದ ಅಳೆಯಬೇಕು.