ಹೊದೆಯುವವರನ್ನು ತಿಳಿದು ಹೊಲಿದ ಕೌದಿ

ಹೊರದೇಶದಿಂದ ಊರಿಗೆ ಬಂದು ಹೋಗುವ ನಮ್ಮವರಲ್ಲಿ ಹಲವರು ಮಗುವಿಗೆ ಹಳೆ ಬಟ್ಟೆ ಜೋಡಿಸಿ ಹೊಲಿದ ಕೌದಿಯೊಂದು ಬೇಕೆಂದು ಕೇಳುತ್ತಾರೆ. ಅಂಗಡಿಯಲ್ಲೂ ಅದು ಸಿಗುತ್ತದೆ, ಚೆಂದವಾಗಿಯೇ ಇರುತ್ತದೆ. ಆದರೂ ಇಂಥವರಿಗೆಂದೇ ಹೊಲಿದ ಕೌದಿಯ ಹಿತವೇ ಬೇರೆ.

ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ಐಟಿಪಿಎಲ್ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳಿಂದ ಸ್ವಲ್ಪ ಆಚೆಗೆ, ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯ ಸಂಸಾರಗಳಿವೆ. ಅವರ ತಗಡಿನ ಶೆಡ್ಡುಗಳ ಮುಂದೆ ಕೌದಿಗಳು ಬಿಸಿಲಿಗೆ ಹರಡಿರುತ್ತವೆ. ಅಲ್ಲಿ ಕೌದಿ ಹೊಲಿಯುವ, ಲಿಂಗಸುಗೂರು ಕಡೆಯ ಒಬ್ಬ ಹಿರಿಯರ ಹತ್ತಿರ, ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳಿಗೆಂದು ಬಟ್ಟೆಯ ಗಂಟು ಒಯ್ದೆ. ಗಂಟು ಬಿಚ್ಚುವ ಮೊದಲೇ ಅವರು ಕೇಳಿದ್ದು: "ಹುಡುಗಿ ಎಷ್ಟುದ್ದ ಅದಾಳ ಯವ್ವಾ? ಕಾಲ ಚಾಚಿ ಮಲಗತಾಳೋ, ಮುದುಡಿಕೊಂಡೋ? ಯಾವ ಬಣ್ಣ ಬ್ಯಾಡಂತಾಳ?"

ಆಮೇಲೆ ಆರಿಸತೊಡಗಿದರು. ಜೀನ್ಸ್ ಪಕ್ಕಕ್ಕೆ ಹೋಯಿತು, ಪದರದ ಮೇಲೆ ಪದರ ಬಂದರೆ ಸೂಜಿ ಇಳಿಯುವುದಿಲ್ಲ. ಅಜ್ಜಿಯ ಇಳಕಲ್ ಸೀರೆಯ ರೇಷ್ಮೆ ಸೆರಗನ್ನೂ ಬೇರೆ ಇಟ್ಟರು, ನಾಲ್ಕು ಸಲ ಒಗೆದರೆ ಪಿಸಿಯುತ್ತದಂತೆ. ಉಟ್ಟು ಮೆತ್ತಗಾದ ಅದರ ಹತ್ತಿಯ ಒಡಲು ಮಾತ್ರ ಮುಖ ತಾಗುವ ಕಡೆಗೆ ಬಂತು. ಗುಳೇದಗುಡ್ಡದ ಹಸಿರು ಖಣದ ತುಂಡುಗಳು ಅಂಚು ಹಿಡಿದವು. ಹುಡುಗಿಗೆ ಕೆಂಪು ಒಗ್ಗದು ಎಂದಿದ್ದೆ, ಕೆಂಪು ಬಟ್ಟೆಗಳೆಲ್ಲ ಒಳಪದರಕ್ಕೆ ಹೋದವು. ಕಣ್ಣಿಗೆ ಕಾಣದಿದ್ದರೂ ಬೆಚ್ಚಗಿಡುವ ಕೆಲಸ ಅವುಗಳದ್ದು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಸಾಗುತ್ತದೆ. ದಾರ ತುಸು ಬಿಗಿಯಾಗಿ ಎಳೆದಾಗ ಮೇಲೇಳುವ ಸಣ್ಣ ನಿರಿಗೆಗಳಿವೆಯಲ್ಲ, ಅವನ್ನು ಯಾವ ಯಂತ್ರವೂ ಹೀಗೆ ಎಬ್ಬಿಸಲಾರದು ಎಂದೇ ನನ್ನ ನಂಬಿಕೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳಲ್ಲಿ, ಹೊದೆಯುವವರನ್ನು ನೋಡಿ ಹೊಲಿಯುವ ಈ ಕಾಳಜಿ ಇನ್ನೂ ಎದ್ದು ಕಾಣುತ್ತದೆ. ತೊಟ್ಟಿಲ ಕೂಸಿನ ಕೌದಿಯ ಮೇಲೆ ಚಿಕ್ಕ ಚಿಕ್ಕ ಗಾಢ ಬಣ್ಣದ ತುಂಡುಗಳನ್ನು ಕೂರಿಸುತ್ತಾರೆ. ಕ್ರೈಸ್ತರ ಮನೆಗಾದರೆ ಶಿಲುಬೆ, ಮುಸಲ್ಮಾನರ ಮನೆಗಾದರೆ ಅರ್ಧಚಂದ್ರ ಬರುವುದೂ ಉಂಟು. ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಿಚಿ ಇಡುವ ಪುಟ್ಟ ಹೂವುಗಳಿಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಬೆತ್ತಲೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಅಧ್ಯಯನ ಮಾಡಿ, ಅಲ್ಲಿನವರಿಗೂ ಅವನ್ನು ತೋರಿಸಿದರು. ಪ್ರದರ್ಶನಕ್ಕೆ ಹೋದ ಆ ಕಲೆ ಈಗ ನಿಮ್ಮ ಮಕ್ಕಳ ಮಂಚಕ್ಕೂ ಬರಬೇಕೆಂಬುದು ನನ್ನ ಆಸೆ.

ಮಾಡಿಸುವ ಮನಸ್ಸಿದ್ದರೆ ಮಂಚದ ಅಳತೆ ಬರೆದುಕೊಳ್ಳಿ. ಹೀಟರ್ ಇರುವ ಮನೆಗೆ ಒಳಪದರ ಕಡಿಮೆ ಸಾಕು, ಒಗೆಯಲೂ ಹಗುರ. ಬಣ್ಣ ಬಿಡುವ ಬಟ್ಟೆಗಳನ್ನು ಮೊದಲೇ ನೆನೆಸಿ ನೋಡಿ. ಹಳೆಯ ಹತ್ತಿ ಸೀರೆ, ಪಂಚೆ, ಮಗುವಿಗೆ ಚಿಕ್ಕದಾದ ಲಂಗ ಇವನ್ನೆಲ್ಲ ಕತ್ತರಿಸದೆ ಹಾಗೆಯೇ ಕಳಿಸಿ. ಯಾವ ತುಂಡು ಎಲ್ಲಿಗೆ ಎಂಬುದನ್ನು ಹೊಲಿಯುವ ಕೈಗೆ ಬಿಡಿ. ಅವರ ದುಡಿಮೆಗೆ ತಕ್ಕ ಕೂಲಿಯನ್ನು ಮಾತ್ರ ಚೌಕಾಸಿಯಿಲ್ಲದೆ ಕೊಡಿ.