ನಾಯಿ ವಾಯುಪಡೆಯದು, ವೈದ್ಯರು ಭೂಸೇನೆಯವರು

ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಅಂಚಿನಲ್ಲಿ ಲ್ಯಾಕ್‌ಲ್ಯಾಂಡ್ ವಾಯುನೆಲೆ ಇದೆ. ಅಲ್ಲಿನ ತರಬೇತಿ ಶಾಲೆಯಲ್ಲಿ ಸಾಲಾಗಿ ಇಟ್ಟ ಪೆಟ್ಟಿಗೆಗಳ ಪಕ್ಕದಲ್ಲೇ ಬೆಲ್ಜಿಯನ್ ಮ್ಯಾಲಿನ್ವಾ ತಳಿಯ ನಾಯಿಯೊಂದು ಮೂಗಾಡಿಸುತ್ತ ಸಾಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಮಾತ್ರ ಸ್ಫೋಟಕದ ಚೂರಿದೆ. ವಾಸನೆ ಸಿಕ್ಕೊಡನೆ ನಾಯಿ ಬೊಗಳುವಂತಿಲ್ಲ, ಪೆಟ್ಟಿಗೆಯನ್ನು ಪರಚುವಂತಿಲ್ಲ. ತೆಪ್ಪಗೆ ಕೂರಬೇಕು, ಅಷ್ಟೇ. ಹಾಗೆ ಕೂತರೆ ಅದಕ್ಕೊಂದು ರಬ್ಬರ್ ಆಟಿಕೆ, ಜೊತೆಗೆ ಅದನ್ನು ನಡೆಸುವ ಹ್ಯಾಂಡ್ಲರ್‌ನ ಮನಸಾರೆಯ ಮೆಚ್ಚುಗೆ. ನಿಜವಾದ ಬಾಂಬಿನ ಮುಂದೆ ನಾಯಿ ಕಾಲು ಕೆರೆದರೆ ಏನಾಗಬಹುದೆಂದು ಯೋಚಿಸಿದರೆ ಈ ಪಾಠದ ಬೆಲೆ ತಿಳಿಯುತ್ತದೆ.

ಈ ನಾಯಿಯ ಎಡಗಿವಿಯ ಒಳಭಾಗದಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ಮೂರು ಅಂಕಿಗಳ ಹಚ್ಚೆ ಇರುತ್ತದೆ. ಅದೇ ಅದರ ಸೇವಾ ಸಂಖ್ಯೆ. ಲ್ಯಾಕ್‌ಲ್ಯಾಂಡ್‌ನಲ್ಲೇ ಹುಟ್ಟಿದ ಮರಿಯಾದರೆ ಹೆಸರಿನ ಮೊದಲ ಅಕ್ಷರವನ್ನು ಎರಡು ಸಲ ಬರೆಯುವ ರೂಢಿಯೂ ಉಂಟು. ಅಂಥ ಮರಿಗಳು ಸುಮಾರು ಎರಡು ತಿಂಗಳಾದಾಗ ಊರಿನ ಸ್ವಯಂಸೇವಕರ ಮನೆ ಸೇರಿ, ಅಲ್ಲಿ ಮಕ್ಕಳು, ಮೆಟ್ಟಿಲು, ವಾಹನ, ಗದ್ದಲ ಎಲ್ಲವನ್ನೂ ರೂಢಿಸಿಕೊಂಡು ಮತ್ತೆ ಶಾಲೆಗೆ ಮರಳುತ್ತವೆ. ಉಳಿದವನ್ನು ಹೆಚ್ಚಾಗಿ ಯುರೋಪಿನಿಂದ ಕೊಂಡು ತರುತ್ತಾರೆ. ತರಬೇತಿ ಮುಗಿಸಿದ ನಾಯಿ ಭೂಸೇನೆಗೆ ಹೋಗಬಹುದು, ನೌಕಾಪಡೆಗೆ ಹೋಗಬಹುದು, ಮರೀನ್ ದಳದ ಪಾಲಾಗಬಹುದು. ಆದರೆ ಪಳಗಿಸುವ ಹೊಣೆ ಮಾತ್ರ ವಾಯುಪಡೆಯದು.

ಅದೇ ನಾಯಿ ನಾಳೆ ಕುಂಟುತ್ತ ನಿಂತರೆ ಪರೀಕ್ಷಿಸಲು ಬರುವ ವೈದ್ಯರು ಭೂಸೇನೆಯ ಸಮವಸ್ತ್ರದಲ್ಲಿರುತ್ತಾರೆ. ವಾಯುನೆಲೆಯ ಒಳಗೇ ಇರುವ ಹಾಲೆಂಡ್ ನಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡುವವರೂ ಭೂಸೇನೆಯ ಪಶುವೈದ್ಯರೇ. 2006ರಲ್ಲಿ ಇರಾಕಿನಲ್ಲಿ ಪ್ರಾಣ ಕಳೆದುಕೊಂಡ ಭೂಸೇನೆಯ ಪಶುವೈದ್ಯ ಲೆಫ್ಟಿನೆಂಟ್ ಕರ್ನಲ್ ಡೇನಿಯಲ್ ಹಾಲೆಂಡ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಯುದ್ಧಭೂಮಿಯಲ್ಲಿ ಗಂಭೀರವಾಗಿ ಗಾಯಗೊಂಡ ನಾಯಿಗಳು ಕೊನೆಗೆ ಬಂದು ಸೇರುವ ದೊಡ್ಡಾಸ್ಪತ್ರೆ ಇದು.

ಒಂದೇ ನಾಯಿಗೆ ಇಬ್ಬರು ಜವಾಬ್ದಾರರು ಯಾಕೆ? ಅಮೆರಿಕದ ರಕ್ಷಣಾ ಆಡಳಿತ ಕೆಲಸ ಹಂಚಿಕೊಳ್ಳುವ ರೀತಿಯಲ್ಲೇ ಇದಕ್ಕೆ ಉತ್ತರವಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರ ರಾಷ್ಟ್ರೀಯ ಭದ್ರತಾ ಕಾಯ್ದೆ ಭೂಸೇನೆ, ನೌಕಾಪಡೆ ಮತ್ತು ಹೊಸದಾಗಿ ಬೇರೆಯಾದ ವಾಯುಪಡೆಯನ್ನು ಒಬ್ಬ ರಕ್ಷಣಾ ಕಾರ್ಯದರ್ಶಿಯ ಕೆಳಗೆ ತಂದಿತು. ಮೊದಲ ಕಾರ್ಯದರ್ಶಿ ಜೇಮ್ಸ್ ಫಾರೆಸ್ಟಲ್ ಅವರ ಕೈಯಲ್ಲಿ ಅಧಿಕಾರ ಹೆಚ್ಚೇನೂ ಇರಲಿಲ್ಲ. 1949ರ ತಿದ್ದುಪಡಿ ಅದನ್ನು ಬದಲಿಸಿತು. ಮೂರೂ ಇಲಾಖೆಗಳು ಸ್ವತಂತ್ರ ಸ್ಥಾನಮಾನ ಕಳೆದುಕೊಂಡು ರಕ್ಷಣಾ ಇಲಾಖೆಯೊಳಗಿನ 'ಸೇನಾ ಇಲಾಖೆ'ಗಳಾದವು. ಒಂದೊಂದಕ್ಕೂ ಸಚಿವರ ಮಾದರಿಯ ಒಬ್ಬ ನಾಗರಿಕ ಕಾರ್ಯದರ್ಶಿ ಇದ್ದಾರೆ, ಅವರ ಮೇಲೆ ರಕ್ಷಣಾ ಕಾರ್ಯದರ್ಶಿ. ಮರೀನ್ ದಳ ನೌಕಾ ಇಲಾಖೆಯ ಭಾಗ. 2019ರಲ್ಲಿ ಹುಟ್ಟಿದ ಬಾಹ್ಯಾಕಾಶ ಪಡೆ ವಾಯುಪಡೆ ಇಲಾಖೆಯೊಳಗೇ ಇದೆ.

ಎಲ್ಲ ಪಡೆಗಳಿಗೂ ಬೇಕಾದ ಕೆಲಸಗಳು ಕೆಲವಿವೆ. ವಿದೇಶದಲ್ಲಿರುವ ಸೈನಿಕನಿಗೆ ಮನೆಯಿಂದ ಬರುವ ಪತ್ರ ತಲುಪಿಸಬೇಕು. ಸತ್ತವರ ದೇಹವನ್ನು ಗೌರವದಿಂದ ಊರಿಗೆ ಕಳಿಸಬೇಕು. ಇಂಧನ ಒದಗಿಸಬೇಕು. ನಾಯಿಗಳನ್ನು ಪಳಗಿಸಬೇಕು. ಪ್ರತಿ ಪಡೆಯೂ ಇದಕ್ಕೆಲ್ಲ ತನ್ನದೇ ಕಚೇರಿ, ಶಾಲೆ, ಆಸ್ಪತ್ರೆ ಕಟ್ಟಿಕೊಂಡರೆ ದುಡ್ಡು ಪೋಲು. ಅಷ್ಟೇ ಅಲ್ಲ, ಒಂದು ಪಡೆಯ ಪದ್ಧತಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ರಕ್ಷಣಾ ಕಾರ್ಯದರ್ಶಿ ಒಂದು ಕೆಲಸವನ್ನು ಒಂದು ಇಲಾಖೆಯ ಮುಖ್ಯಸ್ಥರಿಗೆ ವಹಿಸಿ, 'ಇದನ್ನು ಎಲ್ಲರ ಪರವಾಗಿ ನೀವು ನೋಡಿಕೊಳ್ಳಿ' ಎನ್ನುತ್ತಾರೆ. ಹೀಗೆ ಹೊಣೆ ಹೊತ್ತವರಿಗೆ ಪೆಂಟಗನ್ ಭಾಷೆಯಲ್ಲಿ 'ಎಕ್ಸಿಕ್ಯುಟಿವ್ ಏಜೆಂಟ್' ಎಂದು ಹೆಸರು. ಸೇನಾ ಅಂಚೆ ಮತ್ತು ಪಶುವೈದ್ಯ ಸೇವೆ ಭೂಸೇನಾ ಕಾರ್ಯದರ್ಶಿಯ ಪಾಲಿಗೆ ಬಂದಿವೆ. ಎಲೆಕ್ಟ್ರಾನಿಕ್ ಉಪಕರಣಗಳೊಳಗಿನ ಸರ್ಕ್ಯೂಟ್ ಬೋರ್ಡ್‌ಗಳ ವಿಚಾರ ನೌಕಾ ಇಲಾಖೆಯದು. ನಾಯಿಗಳ ಹೊಣೆ ವಾಯುಪಡೆ ಇಲಾಖೆಯದು.

2002ರ ಸೆಪ್ಟೆಂಬರ್‌ನಲ್ಲಿ ಹೊರಬಂದ ನಿರ್ದೇಶನವೊಂದು ಈ ವ್ಯವಸ್ಥೆಯ ಕಟ್ಟುಪಾಡುಗಳನ್ನು ಬರೆದಿಟ್ಟಿತು. ಏಜೆಂಟರನ್ನು ನೇಮಿಸುವ ಅಧಿಕಾರ ಇರುವುದು ರಕ್ಷಣಾ ಕಾರ್ಯದರ್ಶಿ ಮತ್ತು ಉಪಕಾರ್ಯದರ್ಶಿ ಇಬ್ಬರಿಗೆ ಮಾತ್ರ. ನೇಮಕಗೊಂಡವರು ಕೆಲಸವನ್ನು ತಮ್ಮ ಕೈಕೆಳಗಿನ ಕಚೇರಿಗೆ ದಾಟಿಸಬಹುದು. ಅದಕ್ಕೆ ಬೇಕಾದ ಹಣವನ್ನು ಬಜೆಟ್‌ನಲ್ಲಿ ಕೇಳಿ ಪಡೆಯಬೇಕು. ಮೇಲಿನಿಂದ ಪೆಂಟಗನ್‌ನ ಹಿರಿಯ ಅಧಿಕಾರಿಯೊಬ್ಬರು ಕಣ್ಣಿಟ್ಟಿರುತ್ತಾರೆ. ಮೂರು ವರ್ಷಕ್ಕೊಮ್ಮೆಯಾದರೂ ಅವರು ಈ ಏರ್ಪಾಡು ಇನ್ನೂ ಬೇಕೇ, ನೆಟ್ಟಗೆ ನಡೆಯುತ್ತಿದೆಯೇ ಎಂದು ಪರಿಶೀಲಿಸಬೇಕು.

ನಾಯಿಗಳ ಕತೆ ಈ ನಿರ್ದೇಶನಕ್ಕಿಂತ ಹಳೆಯದು. 1942ರಲ್ಲಿ ಭೂಸೇನೆ ಜನರ ಮನೆಯ ನಾಯಿಗಳನ್ನೇ ಕಾವಲಿಗಾಗಿ ದೇಣಿಗೆ ಪಡೆದು ತನ್ನ ನಾಯಿದಳವನ್ನು ಆರಂಭಿಸಿತ್ತು. 1958ರಿಂದ ವಾಯುಪಡೆ ಲ್ಯಾಕ್‌ಲ್ಯಾಂಡ್‌ನಲ್ಲಿ ಕಾವಲು ನಾಯಿಗಳನ್ನು ಪಳಗಿಸತೊಡಗಿತು. ಬರಬರುತ್ತ ಎಲ್ಲರ ನಾಯಿಗಳಿಗೂ ಅದೇ ಶಾಲೆಯಾಯಿತು. ಪಶುವೈದ್ಯರ ಹಾದಿ ಬೇರೆಯೇ ಆಗಿತ್ತು. ಭೂಸೇನೆಯ ಪಶುವೈದ್ಯ ದಳ ಹುಟ್ಟಿದ್ದು 1916ರಲ್ಲಿ, ಕುದುರೆ ಮತ್ತು ಹೇಸರಗತ್ತೆಗಳ ಕಾಲದಲ್ಲಿ. ವಾಯುಪಡೆಗೂ ತನ್ನದೇ ಪಶುವೈದ್ಯರಿದ್ದರು. ಎರಡೆರಡು ದಳ ಯಾಕೆಂಬ ಪ್ರಶ್ನೆ ಎದ್ದು, 1980ರಲ್ಲಿ ವಾಯುಪಡೆಯ ದಳವನ್ನು ಮುಚ್ಚಿ, ಮೂರೂ ಇಲಾಖೆಗಳ ಪಶುವೈದ್ಯ ಸೇವೆಯನ್ನು ಭೂಸೇನೆಗೆ ಒಪ್ಪಿಸಿದರು. ಈ ವೈದ್ಯರ ಕೆಲಸ ನಾಯಿಗಳಿಗಷ್ಟೇ ಸೀಮಿತವಲ್ಲ. ಸೇನಾ ನೆಲೆಗಳಿಗೆ ಬರುವ ಮಾಂಸ, ಹಾಲು, ಮೊಟ್ಟೆ ತಿನ್ನಲು ಯೋಗ್ಯವೇ ಎಂದು ನೋಡುವುದೂ ಅವರೇ.

ಹೀಗೆ ಹೊಣೆಯೊಂದು ಎರಡಾಗಿ, ಎರಡು ಇಲಾಖೆಗಳ ನಡುವೆ ಬಂದು ನಿಂತಿತು. ದಿನನಿತ್ಯದ ವ್ಯವಹಾರದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಎಲ್ಲ ಪಡೆಗಳ ಹ್ಯಾಂಡ್ಲರ್‌ಗಳೂ ಒಂದೇ ಶಾಲೆಯಲ್ಲಿ ಕಲಿಯುವುದರಿಂದ ನಾಯಿಯೊಂದನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಆಜ್ಞೆಗಳೂ ಅಭ್ಯಾಸಗಳೂ ಬದಲಾಗುವುದಿಲ್ಲ. ವೈದ್ಯರ ವಿಷಯದಲ್ಲೂ ಅನುಭವ ಒಂದೆಡೆ ಸೇರಿದ್ದು ಲಾಭವೇ ಆಯಿತು. 2011ರ ಹೊತ್ತಿಗೆ, ಯುದ್ಧಭೂಮಿಯಲ್ಲಿದ್ದ ಸುಮಾರು 650 ನಾಯಿಗಳಲ್ಲಿ ಶೇಕಡಾ 5ಕ್ಕೂ ಹೆಚ್ಚು ನಾಯಿಗಳಿಗೆ ಸೈನಿಕರಲ್ಲಿ ಕಾಣುವಂಥ ಮಾನಸಿಕ ಆಘಾತವಾಗಿದೆ ಎಂದು ಹಾಲೆಂಡ್ ಆಸ್ಪತ್ರೆಯ ನಡವಳಿಕೆ ತಜ್ಞ ವಾಲ್ಟರ್ ಬರ್ಗ್‌ಹಾರ್ಟ್ ಲೆಕ್ಕ ಹಾಕಿದ್ದರು. ಸದ್ದಿಗೆ ಬೆಚ್ಚುವ, ಹತ್ತುತ್ತಿದ್ದ ವಾಹನವನ್ನು ಇದ್ದಕ್ಕಿದ್ದಂತೆ ಹತ್ತಲೊಲ್ಲದ ನಾಯಿಗಳನ್ನು ಒಟ್ಟಿಗೆ ನೋಡಿದವರಿಗೆ ಮಾತ್ರ ಇಂಥದ್ದು ಹೊಳೆದೀತು. ನಾಲ್ಕಾರು ಕಡೆ ಚದುರಿದ್ದರೆ 'ಈ ನಾಯಿ ಕೆಲಸಕ್ಕೆ ಬಾರದು' ಎಂದು ಬದಿಗೆ ಸರಿಸಿಬಿಡುತ್ತಿದ್ದರೇನೋ.

ಮ್ಯಾಲಿನ್ವಾ ತಳಿ ಕನ್ನಡಿಗರಿಗೆ ತೀರ ದೂರದ್ದಲ್ಲ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್ ನಡೆಸುವ ತಳಿ ಮತ್ತು ತರಬೇತಿ ಕೇಂದ್ರದಲ್ಲಿ ಈ ನಾಯಿಗಳು ಬೆಳೆಯುತ್ತವೆ. ಭಾರತೀಯ ಸೇನೆಯಲ್ಲಿ ತರಬೇತಿ, ಚಿಕಿತ್ಸೆ ಎರಡೂ ರಿಮೌಂಟ್ ಅಂಡ್ ವೆಟರ್ನರಿ ಕೋರ್ ಎಂಬ ಒಂದೇ ದಳದ ಕೆಲಸ. ಅದರ ಕೇಂದ್ರ ಮೀರತ್‌ನಲ್ಲಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ಮರಿಗಳು 2016ರಲ್ಲಿ ಪಳಗಲು ಹೋದದ್ದು ಅಲ್ಲಿಗೇ.

ಅಮೆರಿಕದ ಏರ್ಪಾಡಿನ ನಿಜವಾದ ಪರೀಕ್ಷೆ ನಡೆದದ್ದು ನಾಯಿಯ ಸೇವೆ ಮುಗಿಯುವ ಘಟ್ಟದಲ್ಲಿ. ವಿಯೆಟ್ನಾಂ ಯುದ್ಧಕ್ಕೆ ಹೋದ ನಾಯಿಗಳು ಸುಮಾರು 4,000. ತಾಯ್ನಾಡಿಗೆ ಮರಳಿದ್ದು 200ರಷ್ಟು ಮಾತ್ರ. ನಾಯಿ ಎಂದರೆ ಸಲಕರಣೆ, ಉಪಯೋಗ ತೀರಿದ ಮೇಲೆ ಬಿಟ್ಟು ಬರುವ ವಸ್ತು ಎಂಬುದು ಅಂದಿನ ಲೆಕ್ಕಪುಸ್ತಕದ ದೃಷ್ಟಿ. ಆಮೇಲೂ ಬಹುಕಾಲ, ವಯಸ್ಸಾದ ನಾಯಿಯನ್ನು ಅದರ ಹ್ಯಾಂಡ್ಲರ್ ಮನೆಗೆ ಕರೆದೊಯ್ಯುತ್ತೇನೆಂದರೂ ನಿಯಮ ಬಿಡುತ್ತಿರಲಿಲ್ಲ. ಇಂಥದ್ದೇ ತೊಡಕಿಗೆ ಸಿಲುಕಿದ ರಾಬಿ ಎಂಬ ಮ್ಯಾಲಿನ್ವಾ ನಾಯಿಯ ಪ್ರಕರಣ ಜನರ ಗಮನ ಸೆಳೆಯಿತು. ಮೇರಿಲ್ಯಾಂಡ್‌ನ ಸಂಸದ ರಾಸ್ಕೊ ಬಾರ್ಟ್ಲೆಟ್ ಮಸೂದೆ ತಂದರು. 2000ದ ನವೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಬಿತ್ತು. ಅಂದಿನಿಂದ ನಿವೃತ್ತ ನಾಯಿಗಳನ್ನು ದತ್ತು ಕೊಡುವ ದಾರಿ ತೆರೆಯಿತು. ರಾಬಿಗೆ ಮಾತ್ರ ಅದರ ಪ್ರಯೋಜನ ಸಿಗಲಿಲ್ಲ. ಕಾಯ್ದೆ ಬಂದ ಕೆಲವೇ ತಿಂಗಳಲ್ಲಿ ಅದು ತೀರಿಕೊಂಡಿತು.

ದತ್ತು ಕೊಡುವಾಗಲೂ ನಿಯಮಗಳಿವೆ. ನಾಯಿ ಮನೆಯಲ್ಲಿರಲು ತಕ್ಕದ್ದೇ ಎಂದು ವೈದ್ಯರೂ ತರಬೇತುದಾರರೂ ನೋಡಬೇಕು, ಕೇಳಿ ಬಂದವರ ಪೂರ್ವಾಪರ ವಿಚಾರಿಸಬೇಕು. ಆದರೆ ಇವು ಪಾಲನೆಯಾಗದ ಪ್ರಸಂಗವೂ ಉಂಟು. 2011ರಲ್ಲಿ ಆಫ್ಘಾನಿಸ್ತಾನದ ರಸ್ತೆಬದಿಯ ಬಾಂಬುಗಳ ಕಾಟ ವಿಪರೀತವಾದಾಗ ಭೂಸೇನೆ ತಾನೇ ಒಂದು ಹೊಸ ನಾಯಿ ಕಾರ್ಯಕ್ರಮ ಶುರು ಮಾಡಿತು. ಗುತ್ತಿಗೆದಾರರ ಮೂಲಕ ನಾಯಿಗಳು ಬಂದವು. ಕಾಲಾಳು ಪಡೆಯ ಸೈನಿಕರನ್ನೇ ಆರಿಸಿ, ಕೆಲಕಾಲ ಕಲಿಸಿ, ನಾಯಿಯ ಜೊತೆ ಕಳಿಸಿದರು. ಇದರಲ್ಲಿ ತಪ್ಪೇನಿಲ್ಲ. ಸೈನಿಕರ ಕೈಕಾಲು ಉಳಿಸಬೇಕಿತ್ತು, ಅವಸರವೂ ಇತ್ತು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಈ 200ಕ್ಕೂ ಹೆಚ್ಚು ನಾಯಿಗಳನ್ನು ಏನು ಮಾಡಬೇಕೆಂದು ಯಾರೂ ಮೊದಲೇ ಯೋಚಿಸಿರಲಿಲ್ಲ.

2014ರಲ್ಲಿ ಅದು ಮುಗಿಯಿತು. ನಾಯಿಗಳನ್ನು ತರಾತುರಿಯಲ್ಲಿ ವಿಲೇವಾರಿ ಮಾಡಲಾಯಿತು. ಬಾಂಬು ಹುದುಗಿದ ದಾರಿಯಲ್ಲಿ ಆ ನಾಯಿಯ ಹಿಂದೆ ಹೆಜ್ಜೆ ಇಟ್ಟು ಬದುಕಿ ಬಂದ ಸೈನಿಕರಲ್ಲಿ ಹಲವರಿಗೆ ದತ್ತು ಕೊಡುತ್ತಿರುವ ಸುದ್ದಿಯೇ ತಲುಪಲಿಲ್ಲ. ಕೆಲವು ನಾಯಿಗಳು ತಿಂಗಳುಗಟ್ಟಲೆ ಕೆನಲ್‌ನಲ್ಲಿ ಕೊಳೆತವು. ಆಮೇಲೆ ಆ ಸೈನಿಕರು ಊರೂರು ವಿಚಾರಿಸುತ್ತ ತಮ್ಮ ನಾಯಿಯ ಗುರುತು ಹುಡುಕಬೇಕಾಯಿತು.

ರಕ್ಷಣಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ ತನಿಖೆ ನಡೆಸಿ 2018ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಭೂಸೇನೆ ನಾಯಿಗಳ ಮುಂದಿನ ಗತಿಗೆ ಯೋಜನೆ ಮಾಡಿಕೊಂಡಿರಲಿಲ್ಲ, ದತ್ತು ಪಡೆದವರ ಕಾಗದಪತ್ರಗಳೂ ಸರಿಯಿರಲಿಲ್ಲ ಎಂದಿತು. ಬೊಟ್ಟು ವಾಯುಪಡೆಯ ಕಡೆಗೂ ತಿರುಗಿತು. ಎಲ್ಲ ಸೇನಾ ನಾಯಿಗಳ ಎಕ್ಸಿಕ್ಯುಟಿವ್ ಏಜೆಂಟ್ ಆಗಿದ್ದ ಅದು ಈ ಕಾರ್ಯಕ್ರಮದ ಮೇಲೆ ಸಾಕಷ್ಟು ನಿಗಾ ಇಟ್ಟಿರಲಿಲ್ಲ. ನಾಯಿಗಳು ತನ್ನ ಶಾಲೆಯಿಂದ ಬಂದಿರಲಿಲ್ಲ ಎಂಬ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲವಲ್ಲ! ಕೆಲಸ ಒಬ್ಬರು ಮಾಡುತ್ತಿದ್ದರು, ಹೊಣೆ ಇನ್ನೊಬ್ಬರ ಹೆಸರಲ್ಲಿತ್ತು. ಇಬ್ಬರ ನಡುವಿನ ಬಿರುಕಿನಲ್ಲಿ ಬಿದ್ದದ್ದು ಮಾತು ಬಾರದ ಜೀವಗಳು.

ನಾಯಿಗಳ ವಿಚಾರದಲ್ಲಿ ಕಂಡದ್ದು ಬೇರೆ ಕಡೆಯೂ ಇತ್ತು. ಅಮೆರಿಕ ಸಂಸತ್ತಿನ ಪರವಾಗಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಜಿಎಒ ಸಂಸ್ಥೆ 2017ರಲ್ಲಿ ಇಡೀ ಎಕ್ಸಿಕ್ಯುಟಿವ್ ಏಜೆಂಟ್ ವ್ಯವಸ್ಥೆಯನ್ನೇ ಪರಿಶೀಲಿಸಿತು. ಯಾವ ಹೊಣೆ ಯಾರ ಬಳಿ ಇದೆ ಎಂಬ ಪಟ್ಟಿಯೇ ನೆಟ್ಟಗಿರಲಿಲ್ಲ. ನಿಯಮದ ಪ್ರಕಾರ ನಡೆಯಬೇಕಿದ್ದ ಮೂರು ವರ್ಷದ ಪರಿಶೀಲನೆ ಅರ್ಧಕ್ಕಿಂತ ಹೆಚ್ಚು ಏಜೆಂಟರ ವಿಷಯದಲ್ಲಿ ನಡೆದೇ ಇರಲಿಲ್ಲ. ಹೊಣೆ ಹೊತ್ತವರನ್ನಷ್ಟೇ ದೂರುವುದು ಇಲ್ಲಿ ನ್ಯಾಯವಲ್ಲ. ಕೊಟ್ಟವರೂ ಕೊಟ್ಟು ಮರೆತಿದ್ದರು. ಬಜೆಟ್ ಬಿಗಿಯಾದಾಗ ತನ್ನದೇ ವಿಮಾನಗಳಿಗೆ ಹಣ ಹೊಂದಿಸಬೇಕಾದ ಇಲಾಖೆ ಎಲ್ಲರ ಪರವಾಗಿ ಹೊತ್ತ ಕೆಲಸಕ್ಕೆ ಎಷ್ಟು ಗಮನ ಕೊಟ್ಟೀತು? ಅದನ್ನು ಮೇಲಿನವರು ಆಗಾಗ ಕೇಳುತ್ತಿರಬೇಕು.

ಕೆಲವು ಬಿರುಕುಗಳನ್ನು ಸಂಸತ್ತು ತಾನೇ ಮುಚ್ಚಿದೆ. ವಿದೇಶದಲ್ಲಿ ನಿವೃತ್ತವಾಗುವ ನಾಯಿಯನ್ನು ಅಲ್ಲೇ ಬಿಡದೆ ದೇಶಕ್ಕೆ ಕರೆತರಬೇಕೆಂದು 2016ನೇ ಸಾಲಿನ ರಕ್ಷಣಾ ಕಾಯ್ದೆ ಹೇಳಿತು. ದತ್ತು ಕೊಡುವಾಗ ಹಳೆಯ ಹ್ಯಾಂಡ್ಲರ್‌ಗೆ ಆದ್ಯತೆಯೂ ಸಿಕ್ಕಿತು. ಇನ್ನು ಉಳಿದಿರುವುದು ಚಿಕಿತ್ಸೆಯ ಖರ್ಚು. ಸೇವೆಯಲ್ಲಿರುವವರೆಗೆ ಭೂಸೇನೆಯ ವೈದ್ಯರು ನಾಯಿಯ ಹಲ್ಲಿನಿಂದ ಹಿಡಿದು ಬೆನ್ನುಮೂಳೆಯವರೆಗೆ ನೋಡಿಕೊಳ್ಳುತ್ತಾರೆ. ದತ್ತು ಪತ್ರಕ್ಕೆ ಸಹಿ ಬಿದ್ದ ದಿನದಿಂದ ಆ ಖರ್ಚು ಮನೆಯವರ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಭಾರದ ಕವಚ ಹೊತ್ತು ಓಡಿದ, ಎತ್ತರದ ಟ್ರಕ್ಕುಗಳಿಂದ ಜಿಗಿದ ನಾಯಿಯ ಕೀಲುನೋವಿಗೆ ಆಗುವ ಖರ್ಚು ಸಣ್ಣದಲ್ಲ. ನಿವೃತ್ತ ನಾಯಿಗಳ ಚಿಕಿತ್ಸೆಗೊಂದು ವ್ಯವಸ್ಥೆ ಮಾಡಲು 2013ನೇ ಸಾಲಿನ ಕಾಯ್ದೆ ರಕ್ಷಣಾ ಕಾರ್ಯದರ್ಶಿಗೆ ಅವಕಾಶ ಕೊಟ್ಟಿತಾದರೂ ಕಡ್ಡಾಯ ಮಾಡಲಿಲ್ಲ. ಹಾಗಾಗಿ ಈಗಲೂ ಆ ನಾಯಿಗಳಲ್ಲಿ ಹಲವುಗಳ ಔಷಧಿಗೆ ದುಡ್ಡು ಹೊಂದಿಸುವುದು ದಾನಿಗಳಿಂದ ನಡೆಯುವ ಸಂಘಗಳು, ಮತ್ತು ಸಂಬಳದಲ್ಲಿ ಉಳಿಸಿದ ಹ್ಯಾಂಡ್ಲರ್‌ಗಳು.