ಮಳೆಗೆ ಮೊದಲೇ ಸೌದೆ

ಮೇ ತಿಂಗಳ ಕೊನೆಯ ವಾರ. ಸಾಗರ ಸೀಮೆಯ ಒಂದು ಮನೆಯಂಗಳದಲ್ಲಿ ಚಾಪೆಯ ತುಂಬ ಹಲಸಿನ ಹಪ್ಪಳ ಒಣಗುತ್ತಿದೆ. ಸೌದೆಮನೆ ಸೂರಿನ ತನಕ ತುಂಬಿದೆ. ಹಂಚು ಕೈಯಾಡಿಸಿ ಆಗಿದೆ. ಅಪ್ಪೆಮಿಡಿ ಉಪ್ಪು ಕುಡಿದು ಭರಣಿ ಸೇರಿದೆ. ಪಡುವಣದ ಗುಡ್ಡದಾಚೆ ಮೋಡ ಕಪ್ಪಾಗುತ್ತಿದ್ದರೂ ಮನೆಯೊಡತಿಗೆ ಗಡಿಬಿಡಿಯಿಲ್ಲ. ಬರುವ ನಾಲ್ಕು ತಿಂಗಳಿಗೆ ಏನು ಬೇಕೆಂಬುದು ಅವರ ಅತ್ತೆಗೆ ಗೊತ್ತಿತ್ತು, ಈಗ ಅವರಿಗೂ ಗೊತ್ತಿದೆ.

ದಣಪೆ ಸರಿಸಿಕೊಂಡು ಗುಲಾಬಿ ಸೀರೆಯ ಹೆಂಗಸೊಬ್ಬರು ಒಳಗೆ ಬರುತ್ತಾರೆ. ಹೆಗಲಲ್ಲಿ ಚೀಲ, ಕಂಕುಳಲ್ಲಿ ಉದ್ದದ ಪುಸ್ತಕ.

"ಬನ್ನಿ ಆಶಕ್ಕ, ಆಸರಿಗೆ ಏನು ಕೊಡ್ಲಿ?"

"ನೀರು ಸಾಕು ಅಮ್ಮ. ಸೊಸೆಯ ತಾಯಿ ಕಾರ್ಡ್ ಸ್ವಲ್ಪ ತೋರ್ಸಿ."

ಕಾರ್ಡ್ ನೋಡುತ್ತಾರೆ, ಬೆರಳು ಮಡಚಿ ಎಣಿಸುತ್ತಾರೆ. "ದಿನ ತುಂಬೋದು ಜುಲೈ ಮೂರನೇ ವಾರ. ಆ ಹೊತ್ತಿಗೆ ಹಳ್ಳದ ಸಂಕದ ಮೇಲೆ ನೀರು ಹೋಗ್ತಾ ಇರತ್ತೆ. ಎರಡು ವಾರ ಮೊದಲೇ ಪೇಟೆಯಲ್ಲಿರೋ ನೆಂಟರ ಮನೆಗೆ ಕಳಿಸಿಬಿಡಿ, ಅಮ್ಮ." ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಬೀಳುತ್ತದೆ.

ಆ ಮನೆಯ ಸೌದೆಯಷ್ಟೇ ಮುಖ್ಯವಾದದ್ದು ಈ ಕೆಂಪು ಗುರುತು. ಎರಡೂ ಮಳೆಗೆ ಮೊದಲೇ ಆಗಬೇಕಾದ ಕೆಲಸ. ಆರೋಗ್ಯ ಇಲಾಖೆಯ ಕಡತಗಳಲ್ಲಿ ಹೀಗೆ ಮೊದಲೇ ಅಣಿಯಾಗುವುದಕ್ಕೆ ಕ್ರಿಯಾಯೋಜನೆ ಎಂಬ ಹೆಸರಿದೆ. ಮಲೆನಾಡಿನ ಮನೆಗಳು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವ ಮಳೆಗಾಲದ ಸಿದ್ಧತೆಯೇ ಅದು.

*

ಬೆಟ್ಟದ ಸೀಮೆಯಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000 ಜನರಿಗೊಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಬಯಲುಸೀಮೆಯಲ್ಲಾದರೆ ಈ ಲೆಕ್ಕ 30,000 ಮತ್ತು 5,000. ಸಾವಿರ ಜನರಿಗೊಬ್ಬ ಆಶಾ ಕಾರ್ಯಕರ್ತೆ. ಹಾಳೆಯ ಮೇಲೆ ಸಾವಿರ ಎಂದರೆ ಒಂದು ಊರು. ಇಲ್ಲಿ ಸಾವಿರ ಎಂದರೆ ಗುಡ್ಡಕ್ಕೆರಡು, ಕಣಿವೆಗೆ ಮೂರು ಎಂಬಂತೆ ಚದುರಿದ ಮನೆಗಳು. ಒಂದು ಮನೆಯ ನಾಯಿ ಬೊಗಳಿದ್ದು ಇನ್ನೊಂದು ಮನೆಗೆ ಕೇಳುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ಒಳಗೆ ಹೋದರೆ ಮೊದಲು ಕಾಣುವುದು ಹೊರರೋಗಿಗಳ ಸಾಲು. ನೋಡಬೇಕಾದದ್ದು ಅದರ ಹಿಂದಿನ ಎರಡು ಕೋಣೆ. ಒಂದು ಔಷಧದ ದಾಸ್ತಾನು. ಜೂನ್ ಹುಟ್ಟುವ ಮೊದಲು ಅಲ್ಲಿ ಓಆರ್‌ಎಸ್ ಪೊಟ್ಟಣ, ಬಾವಿಗೆ ಹಾಕಲು ಬ್ಲೀಚಿಂಗ್ ಪೌಡರ್, ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್, ಹಾವು ಕಡಿತಕ್ಕೆ ಪ್ರತಿವಿಷ ಬಂದು ಸೇರಬೇಕು. ನಾಟಿಗೆ ಗದ್ದೆಗಿಳಿಯುವವರ ಬರಿಗಾಲಿಗೂ ಈ ಪೆಟ್ಟಿಗೆಗಳಿಗೂ ನೇರ ಸಂಬಂಧವಿದೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ತಯಾರಾದದ್ದು. ಮಲೆನಾಡಿನ ತೋಟದಲ್ಲಿ ಸುರುಳಿ ಸುತ್ತಿ ಕೂರುವ ಗುಳಿಮಂಡಲಕ್ಕೆ ಅದು ಮದ್ದಲ್ಲ. ಆದ್ದರಿಂದ ಇಲ್ಲಿಯ ವೈದ್ಯರಿಗೆ ಔಷಧದ ಜೊತೆಗೆ ಹಾವಿನ ಗುರುತೂ ಗೊತ್ತಿರಬೇಕು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಹಿಂದೆ ಊರಿನ ನೆನಪಿನಲ್ಲಷ್ಟೇ ಉಳಿಯುತ್ತಿದ್ದ ಸಾವುಗಳು ಈಗ ಲೆಕ್ಕಕ್ಕೆ ಬರತೊಡಗಿವೆ. ಲೆಕ್ಕಕ್ಕೆ ಬಂದ ಮೇಲೆ ತಾನೆ ಮುಂದಿನ ವರ್ಷ ಯಾವ ಕೇಂದ್ರಕ್ಕೆ ಎಷ್ಟು ಪ್ರತಿವಿಷ ಬೇಕೆಂದು ತಿಳಿಯುವುದು?

ಇನ್ನೊಂದು ಕೋಣೆಯಲ್ಲಿ ಲಸಿಕೆಯ ಫ್ರಿಜ್ಜು. ಅದರೊಳಗಿನ ತಾಪ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ದಿನಕ್ಕೆರಡು ಸಲ ನೋಡಿ ಬರೆದಿಡುತ್ತಾರೆ, ಭಾನುವಾರವೂ ಬಿಡುವಿಲ್ಲ. ಗುಡುಗಿನ ದಿನಗಳಲ್ಲಿ ಮರ ಬಿದ್ದು ತಂತಿ ಹರಿದು ಕರೆಂಟು ಹೋದರೆ ಸಿಸ್ಟರ್ ಕಣ್ಣು ಆ ತಾಪಮಾಪಕವನ್ನು ಬಿಟ್ಟು ಕದಲುವುದಿಲ್ಲ. ಗುರುವಾರ ಬೆಳಿಗ್ಗೆ ನೀಲಿ ಡಬ್ಬಿಗೆ ನಾಲ್ಕು ಐಸ್‌ಪ್ಯಾಕ್ ಇಟ್ಟು, ನಡುವೆ ಲಸಿಕೆಯ ಶೀಶೆಗಳನ್ನಿಟ್ಟು ಉಪಕೇಂದ್ರಕ್ಕೆ ಒಯ್ಯುತ್ತಾರೆ. ಶೀಶೆಯ ಮೇಲೊಂದು ಪುಟ್ಟ ಚೌಕವಿದೆ. ಸೆಕೆ ತಾಗಿದಷ್ಟೂ ಅದು ಕಪ್ಪಾಗುತ್ತ ಬರುತ್ತದೆ. ಸುತ್ತಲಿನ ವೃತ್ತದಷ್ಟೇ ಕಪ್ಪಾಯಿತೆಂದರೆ ಆ ಲಸಿಕೆ ಯಾವ ಮಗುವಿಗೂ ಸಲ್ಲದು.

*

ಮಳೆ ಹಿಡಿಯುತ್ತದೆ. ಜುಲೈಯಲ್ಲಿ ತೋಟದೊಳಗೆ ಹೋದವರಿಗೆ ಹನಿಯ ಸದ್ದಿನ ನಡುವೆ ಸೊಳ್ಳೆಯ ಸದ್ದೂ ಕೇಳುತ್ತದೆ. ಡೆಂಗಿಯೆಂದರೆ ಪೇಟೆಯ ಕಾಯಿಲೆ, ಸಿಮೆಂಟು ತೊಟ್ಟಿಯ ಕಾಯಿಲೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಮಲೆನಾಡಿನಲ್ಲಿ ಅದರ ತೊಟ್ಟಿಲು ಅಡಿಕೆ ಮರದಿಂದ ಬೀಳುತ್ತದೆ. ಕಳಚಿ ಬಿದ್ದ ಹಾಳೆ ದೋಣಿಯಂತೆ ಅಂಗಾತ ಮಲಗಿ ನೀರು ತುಂಬಿಕೊಳ್ಳುತ್ತದೆ. ವಾರ, ಹತ್ತು ದಿನ ಅದು ಅಲುಗದೆ ಇದ್ದರೆ ಸಾಕು, ಮೊಟ್ಟೆ ಹುಳುವಾಗಿ, ಹುಳು ಸೊಳ್ಳೆಯಾಗಿ ಹಾರುತ್ತದೆ. ರಬ್ಬರ್ ತೋಟದ ಚಿಪ್ಪು, ಹಿತ್ತಿಲಲ್ಲಿ ಬಿಸಾಡಿದ ಟಯರು, ಒಡೆದ ಕೊಡ ಎಲ್ಲದರ ಕಥೆಯೂ ಇದೇ. ಹೊಗೆ ಬಿಟ್ಟರೆ ಹಾರುವ ಸೊಳ್ಳೆ ಸತ್ತೀತು, ಹಾಳೆಯೊಳಗಿನ ಮರಿ ಉಳಿಯುತ್ತದೆ.

ಅದಕ್ಕೇ ಆರೋಗ್ಯ ನಿರೀಕ್ಷಣಾಧಿಕಾರಿಗಳು ಕೊಡೆ ಹಿಡಿದು, ಕಾಲಿಗೆ ಇಂಬಳ ಹತ್ತಿಸಿಕೊಂಡು ತೋಟ ಸುತ್ತುತ್ತಾರೆ. ಟಾರ್ಚಿನ ಬೆಳಕಲ್ಲಿ ಹಾಳೆಯ ನೀರನ್ನು ತೋರಿಸುತ್ತಾರೆ. ಒಳಗೆ ದಾರದ ತುಣುಕಿನಂಥ ಹುಳುಗಳು ಕುಣಿಯುತ್ತಿರುತ್ತವೆ. "ಇದನ್ನೊಂದು ಮಗುಚಿಬಿಡಿ ಹೆಗಡೇರೆ, ವಾರಕ್ಕೊಂದು ಸಲ. ನಮ್ಮ ಯಾವ ಔಷಧವೂ ಇದಕ್ಕೆ ಸಮ ಅಲ್ಲ." ಹಾಳೆ ಮಗುಚುವುದಕ್ಕೆ ಖರ್ಚಿಲ್ಲ. ಒಂದು ಮನೆಯವರು ಮಾಡಿ ಪಕ್ಕದ ತೋಟದವರು ಬಿಟ್ಟರೆ ಫಲವೂ ಇಲ್ಲ. ಸಾರ್ವಜನಿಕ ಆರೋಗ್ಯದಲ್ಲಿ 'ಸಾರ್ವಜನಿಕ' ಎಂಬ ಮಾತಿನ ತೂಕ ಎಷ್ಟೆಂದು ಆ ಹಾಳೆಯ ಮುಂದೆ ನಿಂತರೆ ತಿಳಿಯುತ್ತದೆ.

ಇದೇ ಮಳೆಯಲ್ಲಿ ಶರಾವತಿಯ ಹಿನ್ನೀರೂ ಏರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ತುಮರಿ ಸೀಮೆಯ ಹಳ್ಳಿಗಳು ನೀರಿನಾಚೆ ಉಳಿದವು. ಆರು ದಶಕ ಅಲ್ಲಿಯವರ ಹೆರಿಗೆ, ಹಾವು ಕಡಿತ, ಎದೆನೋವು ಎಲ್ಲವೂ ಲಾಂಚಿನ ವೇಳೆಗೆ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಬಂದ ನೋವನ್ನು ದೇವರೇ ನೋಡಿಕೊಳ್ಳಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಅದು ಅನುಕೂಲ. ದಿನ ತುಂಬಿದ ಬಸುರಿಗೆ ಅದು ನಡುರಾತ್ರಿಯಲ್ಲೂ ತೆರೆದ ಆಸ್ಪತ್ರೆಯ ಬಾಗಿಲು. ಆ ಸೀಮೆಯ ಆರೋಗ್ಯದ ಚರಿತ್ರೆ ಬರೆಯುವವರು ಯಾವುದೇ ಔಷಧಕ್ಕಿಂತ ಮೊದಲು ಈ ಸೇತುವೆಯನ್ನು ಬರೆಯಬೇಕು.

*

ಅಕ್ಟೋಬರ್ ಕಳೆದು ಭತ್ತದ ತೆನೆ ಬಾಗಿದಾಗ ಊರಿಗೆ ಬಿಡುವು. ಆರೋಗ್ಯ ಕೇಂದ್ರ ಎರಡನೆಯ ಸಲ ಸೌದೆ ಒಟ್ಟುವುದು ಈಗಲೇ. ಇದು ಒಣಗಾಲದ ಜ್ವರಕ್ಕೆ ಸಿದ್ಧತೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಕಾಡಿಗೆ ಹೋಗಿಬಂದ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಬಂದರು. ಮಂಗಗಳು ಸಾಯುತ್ತಿರುವುದನ್ನು ಕಂಡು ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಮೊದಲು ಹುಟ್ಟಿತ್ತು. ಸಿಕ್ಕಿದ್ದು ಜಗತ್ತಿಗೇ ಹೊಸದಾದ ವೈರಸ್. ನಮ್ಮ ಕಾಡಿನ ಹೆಸರೇ ಅದಕ್ಕೆ ಅಂಟಿತು. ಜನ ಮಂಗನ ಕಾಯಿಲೆ ಎಂದರು. ನಿಜವಾಗಿ ಮಂಗವೂ ನಮ್ಮ ಹಾಗೆಯೇ ಅದರ ಬಲಿ. ರೋಗ ಹೊತ್ತು ತರುವುದು ಉಣುಗು.

ಉಣುಗಿಗೂ ಒಂದು ಪಂಚಾಂಗವಿದೆ. ಮಳೆಗಾಲದಲ್ಲಿ ದೊಡ್ಡ ಉಣುಗು ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಮರಿ ಹೊರಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಎಳೆಯ ಉಣುಗುಗಳು ಕಣ್ಣಿಗೆ ಸರಿಯಾಗಿ ಕಾಣಿಸದಷ್ಟು ಸಣ್ಣದಾಗಿ ತರಗೆಲೆಯಲ್ಲಿ ಕಾಯುತ್ತಿರುತ್ತವೆ. ಅಡಿಕೆ ಬೆಳೆಗಾರರು ಕೊಟ್ಟಿಗೆಗೂ ಗೊಬ್ಬರಕ್ಕೂ ದರಗು, ಅಂದರೆ ಅದೇ ತರಗೆಲೆ, ತರಲು ಸೊಪ್ಪಿನ ಬೆಟ್ಟಕ್ಕೆ ಹೋಗುವುದು ಇದೇ ತಿಂಗಳುಗಳಲ್ಲಿ. ಉಣುಗಿನ ಹಸಿವೂ ರೈತನ ಕೆಲಸವೂ ಒಂದೇ ಕಾಲಕ್ಕೆ ಒಂದೇ ನೆಲದಲ್ಲಿ ಕೂಡುತ್ತವೆ. ಕಾಡಿಗೆ ಹೋಗಬೇಡಿ ಎಂದರೆ ತೋಟ ಬಿಡಿ ಎಂದಂತೆ.

ಹಾಗಾಗಿ ನವೆಂಬರಿನಲ್ಲೇ ಕೆಲಸ ಶುರುವಾಗುತ್ತದೆ. ಬಿಳಿಯ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೋಗುತ್ತಾರೆ. ಹತ್ತಿಕೊಂಡ ಉಣುಗುಗಳನ್ನು ಹೆಕ್ಕಿ ಪರೀಕ್ಷೆಗೆ ಕಳಿಸುತ್ತಾರೆ. ಮನೆಮನೆಗೆ ಡೆಪಾ ತೈಲದ ಶೀಶೆ ಹಂಚುತ್ತಾರೆ. ಹಿಂದೆ ಕೊಡುತ್ತಿದ್ದ ಡಿಎಂಪಿ ತೈಲದ ಜಾಗಕ್ಕೆ ಬಂದ ಎಣ್ಣೆ ಇದು. "ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಕೊಳ್ಳಿ ಮಾವ, ಬಂದ ತಕ್ಷಣ ಬಿಸಿನೀರು ಮಿಂದು ಬಟ್ಟೆ ನೀರಿಗೆ ಹಾಕಿ" ಎಂದು ಆಶಕ್ಕ ಹೇಳುತ್ತಾರೆ. ಎಣ್ಣೆಗೆ ಒಂದು ಥರದ ವಾಸನೆಯಿದೆ, ಜಿಡ್ಡೂ ಇದೆ. ಹಚ್ಚಿಕೊಳ್ಳಲು ಬೇಸರಪಡುವವರ ಮನೆಗೆ ಅವರು ಮತ್ತೆ ಹೋಗುತ್ತಾರೆ, ಮೂರನೆಯ ಸಲವೂ ಹೋಗುತ್ತಾರೆ.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಜ್ವರ ಎದ್ದಾಗ ಹಲವರು ಜೀವ ಕಳೆದುಕೊಂಡರು. ಆ ಊರುಗಳಲ್ಲಿ ಮಂಗ ಸತ್ತ ಸುದ್ದಿಯೆಂದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಸತ್ತ ಮಂಗನ ಮೈಬಿಟ್ಟ ಉಣುಗುಗಳು ಆ ಸುತ್ತಲೇ ಹರಡುವುದರಿಂದ ಅಲ್ಲಿ ಮೆಲಾಥಿಯಾನ್ ಪುಡಿ ಎರಚಬೇಕು, ಮಾದರಿ ತೆಗೆದು ಶವ ಸುಡಬೇಕು, ಜನ–ಜಾನುವಾರು ಅತ್ತ ಹೋಗದಂತೆ ತಡೆಯಬೇಕು. ಜ್ವರ ಬಂದವರ ರಕ್ತ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗಬೇಕು. ಈ ರೋಗಕ್ಕೆ ನೇರ ಮದ್ದಿಲ್ಲ. ಬೇಗ ಗುರುತಿಸಿ ಆರೈಕೆ ಮಾಡುವುದೇ ದಾರಿ. ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿಯನ್ನು ಅದು ಒಯ್ಯುತ್ತದೆ. ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆಗೆ ಸಾಕಷ್ಟು ಬಲವಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಮನೆಬಾಗಿಲಿಗೆ ಬರುವತನಕ ಮಲೆನಾಡಿಗೆ ಉಳಿದಿರುವ ಲಸಿಕೆ ಎಂದರೆ ಒಂದು ಶೀಶೆ ಎಣ್ಣೆ, ಒಂದು ಹಂಡೆ ಬಿಸಿನೀರು, ಮತ್ತು ಹೊತ್ತಿಗೆ ಸರಿಯಾಗಿ ಬಂದು ಎಚ್ಚರಿಸುವ ಒಬ್ಬ ಹೆಂಗಸು.

*

ಮಾರ್ಚ್ ಬರುತ್ತದೆ. ಆರೋಗ್ಯ ಕೇಂದ್ರದ ಮೇಜಿನ ಮೇಲೆ ವರ್ಷದ ಪುಸ್ತಕಗಳು ಗುಡ್ಡೆ ಬಿದ್ದಿವೆ. ಹಳ್ಳಿಯ ಆರೋಗ್ಯ ಸಮಿತಿಯಿಂದ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು, ಜಿಲ್ಲೆ, ಬೆಂಗಳೂರು, ದೆಹಲಿ ಎಂದು ಯೋಜನೆ ಮೆಟ್ಟಿಲೇರಬೇಕು, ಹಣ ಅದೇ ಮೆಟ್ಟಿಲಿಳಿದು ಬರಬೇಕು. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಉಣುಗಿನ ವರ್ಷ ಅಂದು ಮುಗಿಯುವುದಿಲ್ಲ, ಅದರ ಹಾವಳಿಯ ದಿನಗಳೇ ಅವು. ಲೆಕ್ಕ ಮುಚ್ಚುವ ಗಡಿಬಿಡಿಯಲ್ಲಿ ಎಣ್ಣೆಯ ಶೀಶೆ ಒಂದು ವಾರ ತಡವಾದರೂ ಅದರ ಬೆಲೆ ತೆರುವವರು ದರಗಿಗೆ ಹೋದ ಹೆಂಗಸರು. ಮಲೆನಾಡಿನ ಆರೋಗ್ಯ ಯೋಜನೆ ಮಲೆನಾಡಿನ ಋತುವಿಗೆ ಹೊಂದಬೇಕು. ಮಳೆಯ ಸಾಮಾನು ಮೇ ತಿಂಗಳಲ್ಲಿ, ಒಣಗಾಲದ ಸಾಮಾನು ಅಕ್ಟೋಬರಿನಲ್ಲಿ ಕೈಗೆ ಸಿಗಬೇಕು. ಇದು ದೊಡ್ಡ ಬೇಡಿಕೆಯೇನಲ್ಲ. ಯಾವ ಮನೆಯೊಡತಿಯೂ ಜುಲೈಯಲ್ಲಿ ಸೌದೆ ಒಟ್ಟುವುದಿಲ್ಲ.

ಮುನ್ನಡೆ ಆಗಿದೆ ಎನ್ನುವುದಕ್ಕೆ ಸಾಕ್ಷಿಯಿದೆ. 2001–03ರಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆದರೂ ಪೋಲಿಯೊ ಭಾನುವಾರ ಬಂತೆಂದರೆ ಎಳೆಯ ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಹತ್ತುತ್ತದೆ, ತಪ್ಪಿದ ಮನೆಯನ್ನು ಹುಡುಕಿಕೊಂಡು ಮರುದಿನ ಗುಡ್ಡ ಹತ್ತುವವರಿದ್ದಾರೆ. ಈ ಅಂಕಿಗಳು ಕಚೇರಿಯಲ್ಲಿ ಇಳಿದವಲ್ಲ. ಆಶಾ ಕಾರ್ಯಕರ್ತೆಯರು ಹತ್ತಿಳಿದ ಗುಡ್ಡಗಳಲ್ಲಿ ಇಳಿದವು. ಅವರೇ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ನಿಶ್ಚಿತ ಸಂಬಳ ಕೊಡಿ ಎಂದು ಕೇಳಬೇಕಾಯಿತು. ಕೇಳಿದ್ದು ನ್ಯಾಯ. ಎಲ್ಲರ ಮನೆಯ ಮಳೆಗಾಲಕ್ಕೆ ಸಿದ್ಧತೆ ಮಾಡಿಸುವವಳ ಸ್ವಂತ ಮನೆಯಲ್ಲೂ ಅಕ್ಕಿಯಿರಬೇಕು.

ಏಪ್ರಿಲಿನಲ್ಲಿ ಆಶಕ್ಕ ಹೊಸ ಪುಸ್ತಕ ಹಿಡಿದು ಮತ್ತೆ ದಣಪೆ ಸರಿಸುತ್ತಾರೆ. ಮನೆಯಲ್ಲಿ ಎಷ್ಟು ಜನ, ಎಳೆಯ ಮಕ್ಕಳೆಷ್ಟು, ಯಾರಿಗೆ ಬಿಪಿ, ಯಾರಿಗೆ ವಾರಗಟ್ಟಲೆ ಕೆಮ್ಮು ಎಂದು ಮೊದಲಿಂದ ಕೇಳುತ್ತಾರೆ. ಹೋದ ವರ್ಷ ಹೇಳಿದ್ದೆವಲ್ಲ ಎಂದು ಬೇಸರಪಡಬೇಡಿ. ಕೂರಿಸಿ, ಆಸರಿಗೆ ಕೊಡಿ, ನಿಧಾನವಾಗಿ ಉತ್ತರ ಹೇಳಿ. ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ, ಮುಚ್ಚಿಡದೆ, ಅಂದೇ ತಿಳಿಸಿ. ಬಿದ್ದ ಹಾಳೆಯನ್ನು ಮಗುಚಿಡಿ. ಮುಂದಿನ ಮಳೆಗೆ ಊರು ಒಟ್ಟಿಟ್ಟುಕೊಳ್ಳುವ ಸೌದೆಯಲ್ಲಿ ನಿಮ್ಮ ಮನೆಯ ಕೊಳ್ಳಿಯೂ ಒಂದಿರಲಿ.